ಹುಡುಗಿ ಪಟ್ಟಿ

ಕರೋಶಿಯಿಂದ ಸೊಸೆ ತಂದ ಮನೆಯನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಒಳಗೆ ಹೋಗಿ ಕೂತು, ಬೆನ್ನಿಗೆ ಕೊಟ್ಟ ದಿಂಬನ್ನು ಒಮ್ಮೆ ತಿರುಗಿಸಿ ನೋಡಿದರೆ ಸಾಕು. ಉಲ್ಲನ್ ದಾರದಲ್ಲಿ ಹೆಣೆದ ಪಟ್ಟಾಪಟ್ಟಿ ಗಲೀಪು, ಪಟ್ಟಿಗೊಂದು ಬಣ್ಣ, ಎಲ್ಲ ಪಟ್ಟಿಗಳೂ ನೂಲು ಹಿಡಿದು ಎಳೆದ ಹಾಗೆ ನೆಟ್ಟಗೆ. ಕಡೆಯದೊಂದು ಮಾತ್ರ ಸಂತೆಯಲ್ಲಿ ಕುಡಿದು ಮನೆಗೆ ಹೊರಟವನ ನಡಿಗೆ. ನೆಟ್ಟಗಿರುವವು ಕರೋಶಿಯ ಸುಗಂಧಾ ಹೆಣೆದವು. ಸೊಟ್ಟದ್ದು ಆ ಮನೆಯ ಸೊಸೆಯದು.

ಮಹಾರಾಷ್ಟ್ರ ಮಗ್ಗುಲಲ್ಲೇ ಇರುವ ಈ ಸೀಮೆಯಲ್ಲಿ ಮದುವೆಗೆ ರುಖವತ ಇಡುತ್ತಾರೆ. ಹಂದರದ ಒಂದು ಬದಿಗೆ ಟೇಬಲ್ ಹಾಕಿ, ಮದುಮಗಳು ಕೈಯಾರೆ ಮಾಡಿದ್ದೆಂದು ತೋರಣ, ಶಂಕರಪಾಳಿ, ತಟ್ಟೆ ಮುಚ್ಚುವ ಕುಸುರಿ ಬಟ್ಟೆ, ದಿಂಬಿನ ಗಲೀಪು ಎಲ್ಲ ಜೋಡಿಸುತ್ತಾರೆ. ಬೀಗರ ಕಡೆಯ ಹೆಂಗಸರು ಸುತ್ತ ನಿಂತು ಮುಟ್ಟಿ, ಹಿಂದೆ ಮುಂದೆ ಮಾಡಿ, ಬಾಯಲ್ಲಿ ಹೊಗಳುತ್ತ ಕಣ್ಣಲ್ಲಿ ಅಳೆಯುತ್ತಾರೆ. ಆದರೆ ಈಗಿನ ಹುಡುಗಿಯರಿಗೆ ಕಾಲೇಜು, ಕೆಲಸ, ಮೊಬೈಲು. ಹೆಣೆಯಲು ಪುರುಸೊತ್ತು ಎಲ್ಲಿಂದ ಬರಬೇಕು? ಹಾಗಾಗಿ ತಾಯಂದಿರು ಸುಗಂಧಾಳ ಮನೆಗೆ ಬರುತ್ತಾರೆ. ಅವಳು ಒಪ್ಪುತ್ತಾಳೆ, ಒಂದು ಕರಾರಿನ ಮೇಲೆ. ಕಡೆಯ ಪಟ್ಟಿಯನ್ನು ಹುಡುಗಿಯೇ ಬಂದು ಹೆಣೆಯಬೇಕು.

“ಹುಡುಗಿ ಕೈ ಬೀಳಲಾರದ ಗಲೀಪು ನನ್ನ ಹೊಸ್ತಿಲಾ ದಾಟಂಗಿಲ್ಲ ನೋಡ್ರಿ.”

“ಆಕಿಗೆ ಬರೂದಿಲ್ಲಲ್ರಿ ಅಕ್ಕಾರ.”

“ಬರದಿದ್ರ ಸೊಟ್ಟ ಆಗತೈತಿ. ಆಗಲಿ. ಸೊಟ್ಟ ಇದ್ದದ್ದು ಸುಳ್ಳ ಅಲ್ಲ.”

ಈ ಕರಾರಿಗೆ ಬಾಗದೆ ಗಲೀಪು ಒಯ್ದವರು ಚಿಕ್ಕೋಡಿ ತಾಲೂಕಿನಲ್ಲಿ ಯಾರೂ ಇಲ್ಲ. ಹುಡುಗಿಯರು ಮುಖ ಊದಿಸಿಕೊಂಡು ಬರುತ್ತಾರೆ, ಸುಗಂಧಾಳ ಪಕ್ಕಕ್ಕೆ ಕೂತು ಮೊದಲು ಕುಣಿಕೆಗೆ ಕುಣಿಕೆ ಪೋಣಿಸಿ ಸಾಖಳಿ ಹಾಕುವುದನ್ನು ಕಲಿಯುತ್ತಾರೆ, ಆಮೇಲೆ ಅದರ ಮೇಲೆ ಕಂಬ ನಿಲ್ಲಿಸಿದ ಹಾಗೆ ಖಾಂಬ ಎಬ್ಬಿಸುವುದನ್ನು. ಬೆರಳಿಗೆ ದಾರ ಸುತ್ತಿಕೊಂಡು ಒದ್ದಾಡುತ್ತಾರೆ, ಕಡೆಗೆ ನಗುತ್ತಾ ಏಳುತ್ತಾರೆ. ಎಷ್ಟೋ ಅತ್ತೆಯಂದಿರಿಗೆ ಈ ಗುಟ್ಟು ಗೊತ್ತು. ರುಖವತದ ಮುಂದೆ ನಿಂತಾಗ ಅವರ ಬೆರಳು ಸೀದಾ ಸೊಟ್ಟ ಪಟ್ಟಿಯ ಮೇಲೇ ಹೋಗುತ್ತದೆ.

ಆ ಬಣ್ಣಗಳಿಗೂ ಒಂದು ಕ್ರಮ ಇದೆ. ಪಟ್ಟಿಗಳೆಂದರೆ ವರ್ಷದ ಹಂಗಾಮುಗಳು. ಬೇಸಿಗೆಗೆ ಮಾವಿನ ಹಳದಿ. ಮುಂಗಾರಿನ ಮಿರಗದ ಮಳೆ ಕುಡಿದ ಹೊಲಕ್ಕೆ ಕಾಫಿ ಬಣ್ಣ. ಕಪ್ಪೇ ಆಗಬೇಕಿತ್ತು, ಮದುವೆ ಸಾಮಾನಿನಲ್ಲಿ ಕಪ್ಪು ಬೇಡವೆಂದು ಕಾಫಿ. ಶ್ರಾವಣಕ್ಕೆ ಹಸಿರು. ದಸರೆ ದೀಪಾವಳಿಗೆ ಚೆಂಡು ಹೂವಿನ ಕೇಸರಿ. ತವರು ನಿಪ್ಪಾಣಿಯ ನೆನಪಿಗೆ ಒಣಗಿದ ತಂಬಾಕಿನ ಬಣ್ಣ. ಕಬ್ಬು ಸೂಲಂಗಿ ಬಿಟ್ಟಾಗಿನ ಬೂದುಬಿಳುಪು. ಕಡೆಯ ಪಟ್ಟಿ ಇನ್ನೂ ಬಾರದ ಹಂಗಾಮು, ಹುಡುಗಿ ಗಂಡನ ಮನೆಯಲ್ಲಿ ಕಳೆಯಬೇಕಾದದ್ದು. ಅದಕ್ಕೇ ಅದರ ಬಣ್ಣ ಅವಳದು, ಕೈಯೂ ಅವಳದು. “ಅದನ್ನ ನಾ ಹೆಂಗ ಹೆಣೀಲಿ? ನಾ ಏನ ಅಲ್ಲಿ ಬಾಳೇಕ ಹೋಗಾಕ್ಯೇನ?” ಎಂದು ಸುಗಂಧಾ ಕೇಳುತ್ತಾಳೆ.

ಎಲ್ಲಕ್ಕಿಂತ ಮೊದಲ ಪಟ್ಟಿ ನೀಲಿ. ಸುಗಂಧಾಳ ಓಣಿಯಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ತಿಂಗಳ ಜಯಂತಿಯಿಂದ. ಆಗ ಬುದ್ಧವಿಹಾರದಿಂದ ಬಸ್ ಸ್ಟ್ಯಾಂಡಿನ ತನಕ ನೀಲಿ ನಿಶಾನೆ, ಮಕ್ಕಳ ಕೆನ್ನೆಯ ಮೇಲೂ ನೀಲಿ. ಒಮ್ಮೆ ದೊಡ್ಡ ವಾಡೆಯ ಯಜಮಾನತಿ ಬಾಯಿಯೊಬ್ಬರು ಮಗಳ ಗಲೀಪು ಒಯ್ಯಲು ಬಂದವರು ಆ ಪಟ್ಟಿಯ ಮೇಲೆ ಬೆರಳಿಟ್ಟು, “ಇದ್ಯಾವ ಹಂಗಾಮ ಸುಗಂಧಾ?” ಎಂದರು. ಕೇಳಿದ ಧಾಟಿಯೇ ಬೇರೆ ಇತ್ತು. ಸುಗಂಧಾ ಕಣ್ಣು ಕೂಡ ಪಿಳುಕಿಸಲಿಲ್ಲ. “ಅಗಸಿ ಹೂವ್ರಿ ಬಾಯೇರ,” ಎಂದಳು. ಅಗಸಿ ಹೂ ನೀಲಿಯೇ ತಾನೆ, ಬಾಯಿಯವರು ಅಲ್ಲಗಳೆಯುವ ಹಾಗಿರಲಿಲ್ಲ. ಆ ಗಲೀಪು ಇವತ್ತಿಗೂ ಅಥಣಿಯ ಒಂದು ದೊಡ್ಡ ಮನೆಯ ಸೋಫಾದ ಮೇಲೆ ಜಯಂತಿಯ ನೀಲಿ ಹೊತ್ತು ಕೂತಿದೆ, ಮತ್ತು ಸುಗಂಧಾ ಅದನ್ನು ನೆನೆದಾಗೆಲ್ಲ ಒಬ್ಬಳೇ ನಗುತ್ತಾಳೆ.

ಇಂಥ ಹೆಂಗಸಿಗೆ ಕೈಗೆಲಸ ಕಲಿಸಿದ್ದು ನಿಪ್ಪಾಣಿಯ ಬಡತನ. ಅವಳ ಅವ್ವ ಬೀಡಿ ಕಟ್ಟುತ್ತಿದ್ದಳು. ಎಲೆ ಸುರುಳಿ ಸುತ್ತಿ ದಾರ ಬಿಗಿಯುವ ಆ ಚುರುಕು ಮಗಳ ಬೆರಳಿಗೂ ಇಳಿಯಿತು. ಮಹಿಳಾ ಮಂಡಳದ ಕ್ಲಾಸಿನಲ್ಲಿ ಹೆಣಿಕೆ ನೋಡಿ ಬಂದ ತಂಗಿಗೆ ಅಣ್ಣ ನಾಮದೇವ ಸೈಕಲ್ ಕಡ್ಡಿಯೊಂದನ್ನು ಉಜ್ಜಿ, ತುದಿಗೆ ಕೊಕ್ಕೆ ಕೊರೆದುಕೊಟ್ಟ. ಅಂಗಡಿಯ ನುಣ್ಣನೆಯ ಸೂಜಿಗಳು ಎಷ್ಟು ಬಂದರೂ ಅವಳ ಕೈ ಹತ್ತುವುದು ಅದಕ್ಕೇ. ಈಗ ಅವಳು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಉಣ್ಣಿಸಿ, ಪಾತ್ರೆ ತೊಳೆದಿಟ್ಟು ಮನೆಗೆ ಬಂದರೆ ಒಲೆ ಹಚ್ಚುವ ಹೊತ್ತಿನ ತನಕ ಆ ಕಡ್ಡಿ ಕೈ ಬಿಡುವುದಿಲ್ಲ. ಗಂಡ ಜ್ಞಾನದೇವ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮನೆಯಲ್ಲಿ ನಾಲ್ಕು ಜನ ಸೇರಿದರೆ ಈಗಲೂ “ಒಳಗ ಸರೀರಿ, ಒಳಗ ಜಾಗಾ ಐತಿ” ಎನ್ನುವ ರೂಢಿ ಹೋಗಿಲ್ಲ.

ಊರ ಹುಡುಗಿಯರಿಗೆಲ್ಲ ಸೂಜಿ ಹಿಡಿಸಿದ ಸುಗಂಧಾಳ ಒಬ್ಬಳೇ ಮಗಳಿಗೆ ಹೆಣೆಯಲು ಬರುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮಗಳು ಮಯೂರಿ ಎಡಚಿ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವನ ಪಕ್ಕಕ್ಕೆ ಅಂಟಿ ಕೂತು ಸೂಜಿ ಎತ್ತಿಕೊಂಡಿದ್ದಳು, ಎಡಗೈಯಲ್ಲಿ. ಸುಗಂಧಾ ಅದನ್ನು ಬಲಗೈಗೆ ಕೊಟ್ಟಳು. ಹುಡುಗಿ ಮತ್ತೆ ಎಡಗೈಗೆ ತೆಗೆದುಕೊಂಡಳು. ಹೀಗೆ ನಾಲ್ಕಾರು ಸಲ ಆದ ಮೇಲೆ ಸುಗಂಧಾ ಬೈದಳು, ಹುಡುಗಿ ಸೂಜಿಯನ್ನು ಚಾಪೆಯ ಮೇಲಿಟ್ಟು ಎದ್ದು ಹೋದಳು. ಮತ್ತೆ ಮುಟ್ಟಲಿಲ್ಲ. ಈಗ ಅವಳು ಚಿಕ್ಕೋಡಿಯ ದವಾಖಾನೆಯಲ್ಲಿ ನರ್ಸ್. ಹಸುಗೂಸಿನ ಕೈಯಲ್ಲಿ ನರ ಸಿಗದಿದ್ದರೆ ಮಯೂರಿಯನ್ನೇ ಕರೆಯುತ್ತಾರೆ, ಮತ್ತು ಅವಳು ಎಡಗೈಯಿಂದ ಹಿಡಿದ ಸೂಜಿ ತಪ್ಪುವುದು ಅಪರೂಪ. ಸುಗಂಧಾ ಇದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಮಗಳ ಎದುರಿಗೆ ಮಾತ್ರ ಒಮ್ಮೆಯೂ ಹೇಳಿಲ್ಲ.

ಮಯೂರಿಯ ಮದುವೆ ಗೊತ್ತಾಯಿತು. ಹುಡುಗನ ಹೆಸರು ಸಮಾಧಾನ, ಕೊಕಟನೂರಿನವನು, ಲೈನ್‌ಮನ್. ಮದುವೆ ಬುದ್ಧ ಪೂರ್ಣಿಮೆ ಆದ ಮೇಲಿನ ರವಿವಾರ. ಜ್ಞಾನದೇವ ಕಾರ್ಡು ಹಂಚಲು ಊರೂರು ತಿರುಗತೊಡಗಿದ.

“ರುಖವತ ಗಿಖವತ ಬ್ಯಾಡ ಬೇ ಅವ್ವಾ. ನಂಗ ಬರೂದಿಲ್ಲ ಅನ್ನೂದು ಊರಿಗೆಲ್ಲ ಗೊತ್ತೈತಿ,” ಎಂದು ಮಯೂರಿ ಮೊದಲೇ ಹೇಳಿದ್ದಳು.

ಸುಗಂಧಾ ಆಗಲಿ ಎಂಬಂತೆ ತಲೆ ಆಡಿಸಿದಳು, ಮರುದಿನವೇ ನಿಪ್ಪಾಣಿಗೆ ಹೋಗಿ ದಾರ ತಂದಳು. ಮಗಳು ಡ್ಯೂಟಿಗೆ ಹೋದಾಗಲೆಲ್ಲ ಹೆಣೆದಳು. ಅಂಥ ಗಲೀಪನ್ನು ಅವಳು ಅದುವರೆಗೂ ಮಾಡಿರಲಿಲ್ಲ. ನೀಲಿ ಆಯಿತು, ಹಳದಿ ಆಯಿತು, ಕಾಫಿ, ಹಸಿರು, ಕೇಸರಿ, ತಂಬಾಕು ಎಲ್ಲ ಆಗಿ ಸೂಲಂಗಿಯ ಬೂದುಬಿಳುಪಿಗೆ ಬಂದು ಕೈ ನಿಂತಿತು. ಮುಂದಿನದು ಹುಡುಗಿ ಪಟ್ಟಿ. ಅದನ್ನು ಮಾಡಬೇಕಾದ ಹುಡುಗಿಗೆ ಗಲೀಪಿನ ಸುದ್ದಿಯನ್ನು ಹೇಳುವ ಧೈರ್ಯವೇ ಅವಳಿಗಾಗಲಿಲ್ಲ. ಬಾವಿಗೆ ಬಂದವರು, ಹಿಟ್ಟಿನ ಗಿರಣಿಯಲ್ಲಿ ಸಿಕ್ಕವರು, “ಮಗಳ ಪಟ್ಟಿ ಆತೇನ್ರಿ ಅಕ್ಕಾರ?” ಎಂದು ಕೇಳುತ್ತಿದ್ದರು. ಊರವರ ಮಾತು ಹಾಗಿರಲಿ. ಬೇರೆಯವರ ಮಕ್ಕಳ ಒಂದೊಂದು ಪಟ್ಟಿ ಅವಳ ಪಟ್ಟಿಗಳ ಮಗ್ಗುಲಿಗೆ ಕೂತು ಊರೂರಿಗೆ ಹೋಗಿದೆ. ತನ್ನ ಹೊಟ್ಟೆಯ ಮಗಳು ಮಾತ್ರ ತನ್ನ ಕೈಯ ಮಗ್ಗುಲಿಗೆ ಒಂದು ಸಾಲೂ ಇಲ್ಲದೆ ಹೋಗುತ್ತಾಳೆ ಎನ್ನುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಆಗ ಸುಗಂಧಾ ಮಾಡಬಾರದ ಕೆಲಸ ಮಾಡಿದಳು. ಗುಲಾಬಿ ದಾರ ಎತ್ತಿಕೊಂಡು ಕಡೆಯ ಪಟ್ಟಿಯನ್ನು ತಾನೇ ಹೆಣೆದಳು, ಬೇಕಂತಲೇ ಸೊಟ್ಟಗೆ.

ಸೊಟ್ಟ ಮಾಡುವುದು ಅವಳಿಗೆ ಸುಲಭವಾಗಿ ಒಲಿಯಲಿಲ್ಲ. ಒಂದು ಖಾಂಬ ಬಿಟ್ಟರೆ ಕೈ ತನಗೇ ತಿಳಿಯದೆ ಮುಂದೊಂದು ಹೆಚ್ಚು ಹಾಕಿ ಸರಿ ಮಾಡಿಬಿಡುತ್ತಿತ್ತು. ಬಿಗಿ ಎಳೆದರೆ ಮುಂದೆ ಅಷ್ಟೇ ಸಡಿಲ. ಪಟ್ಟಿ ಮುಗಿದಾಗ ಅವಳಿಗೆ ನೆಮ್ಮದಿಯಾಯಿತು, ನೋಡಿದವರು ಮಯೂರಿಯದೇ ಅನ್ನಬೇಕು ಎಂದುಕೊಂಡಳು.

ಮದುವೆಗೆ ವಾರ ಇರುವಾಗ ಬೆಳಿಗ್ಗೆ ಎದುರು ಮನೆಯ ಕೆಂಚವ್ವ ಬಂದಳು. ಅವಳ ಬಾಯಿಗೆ ಬಾಗಿಲಿಲ್ಲ, ಮನಸ್ಸಿನಲ್ಲಿ ಕಪಟವೂ ಇಲ್ಲ. ಕಾಟಿನ ಮೇಲಿದ್ದ ಗಲೀಪನ್ನು ಎತ್ತಿ ಬೆಳಕಿಗೆ ಹಿಡಿದಳು.

“ಯಕ್ಕಾ, ಈ ಗುಲಾಬಿದು ಹೊಸಾ ಡಿಸೈನ್ ಏನ? ಭಾಳ ಚಂದ ಐತಿ. ನೀರಿನ ತೆರಿ ಬಂದಾಂಗ.”

“ಡಿಸೈನ್ ಅಲ್ಲಬೇ. ಅದು ಮಯೂರಿದು. ಹುಡುಗಿ ಪಟ್ಟಿ.”

ಕೆಂಚವ್ವ ಇನ್ನೊಮ್ಮೆ ನೋಡಿದಳು, ಮತ್ತೆ ಸುಗಂಧಾಳ ಮುಖ ನೋಡಿದಳು. “ನನ್ನ ಮಗಳದು ನೆನಪೈತಿಲ್ಲ? ಎಮ್ಮಿ ತುಳಿದಾಂಗ ಆಗಿತ್ತ. ಸೊಟ್ಟ ಅಂದ್ರ ಅದು. ಇದು ಅಳತಿ ಹಿಡದ ಮಾಡಿದ ಸೊಟ್ಟ. ಯಕ್ಕಾ, ಇದು ನಿನ್ನ ಕೈ.”

ರಾತ್ರಿ ಪಾಳಿ ಮುಗಿಸಿ ಬಂದ ಮಯೂರಿ ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಎಲ್ಲ ಕೇಳಿಸಿತ್ತು. ಕೆಂಚವ್ವ, “ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ,” ಎಂದು ಜಾಗ ಖಾಲಿ ಮಾಡಿದಳು. ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗೆ ಸುಗಂಧಾ ಒಬ್ಬಳೇ ಉಳಿದಳು.

ಮಯೂರಿ ಗಲೀಪನ್ನು ಕೈಗೆತ್ತಿಕೊಂಡಳು. ಬಣ್ಣಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಗುಲಾಬಿಯ ಮೇಲೆ ನಿಂತಳು.

“ಊರ ಹುಡುಗ್ಯಾರ ಸೊಟ್ಟ ಎಲ್ಲಾ ಖರೇದು. ನಂದೊಂದ ಖೊಟ್ಟಿ ಏನಬೇ ಅವ್ವಾ?”

ಸುಗಂಧಾ ಸೆರಗಿಗೆ ಕೈ ಒರೆಸಿಕೊಂಡಳು. “ನಿನ್ನ ಕೈದೊಂದ ಸಾಲ ಇಲ್ಲದ ನಿನ್ನ ಹೆಂಗ ಕಳಸಲಿ? ಕೇಳಿದ್ರ ನೀ ಕುಂಡ್ರತಿದ್ದಿಲ್ಲ.”

“ನಾ ಕುಂತಿದ್ನೆಲ್ಲ. ಎಬ್ಬಿಸಿದಾಕಿ ನೀ.”

ಅದು ನಿಜವಾಗಿತ್ತು. ಸುಗಂಧಾ ಕಾಟಿನ ಮೇಲೆ ಕೂತುಬಿಟ್ಟಳು. “ಎಡಗೈಲೆ ಕಲಿಸಾಕ ನಂಗ ಬರ್ತಿದ್ದಿಲ್ಲವ್ವಾ. ನಂಗ ಬರೂದಿಲ್ಲ ಅನ್ನೂದ ಬಿಟ್ಟ ನಿಂಗ ಬೈದ್ನಿ. ತಪ್ಪ ನಂದ,” ಎಂದಳು. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಇಷ್ಟು ಸಣ್ಣದಾಗಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಮಯೂರಿ ಗುಲಾಬಿ ದಾರದ ತುದಿ ಹುಡುಕಿ ಎಳೆದಳು. ಹೆಣಿಕೆ ಸರಸರನೆ ಬಿಚ್ಚುತ್ತಾ ಬಂತು, ಸಿಟ್ಟಿನ ಭರದಲ್ಲಿ ಬೂದುಬಿಳುಪಿನದೂ ಒಂದು ಸಾಲು ಬಿಚ್ಚಿಹೋಯಿತು. “ಸಾಕ, ಸಾಕ,” ಎಂದು ಸುಗಂಧಾ ಗಲೀಪನ್ನು ಕಸಿದುಕೊಂಡು, ಓಡಿಹೋಗಲಿದ್ದ ಕುಣಿಕೆಗೆ ಹೆಬ್ಬೆರಳು ಒತ್ತಿದಳು. ಏನು ಮಾಡಬೇಕೆಂದು ತಿಳಿಯದಾಗ ಅವಳ ಕೈ ಹೆಣೆಯುತ್ತದೆ. ಆಗಲೂ ಅಷ್ಟೇ, ಬಿಚ್ಚಿಹೋದ ಬೂದುಬಿಳುಪಿನ ಸಾಲನ್ನು ಮತ್ತೆ ಹೆಣೆಯತೊಡಗಿದಳು.

ಬೇರೆ ದಿನವಾಗಿದ್ದರೆ ಮಯೂರಿ ಅವ್ವನ ಪಕ್ಕಕ್ಕೆ ಕೂಡುತ್ತಿದ್ದಳು. ಅವತ್ತು ಸಿಟ್ಟಿತ್ತು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು, ಕೈ ಕಟ್ಟಿಕೊಂಡು. ಅವ್ವನ ಕೈಯನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕಟ್ಟಿದ ಕೈ ಸಡಿಲವಾಯಿತು. ಎದುರಿನಿಂದ ನೋಡಿದರೆ ಸೂಜಿ ಹಿಡಿದ ಅವ್ವನ ಬಲಗೈ ತನ್ನ ಎಡಗೈ ಇರುವ ಕಡೆಗೇ ಇತ್ತು. ದಾರ ಹಿಡಿದ ಕೈ ತನ್ನ ಬಲಗೈ ಕಡೆಗೆ. ಕನ್ನಡಿಯ ಮುಂದೆ ಕೂತ ಹಾಗೆ, ಎಲ್ಲವೂ ಅವಳದೇ ಕೈಯಂತೆ ಕಾಣುತ್ತಿತ್ತು. ಚಿಕ್ಕವಳಿದ್ದಾಗ ಅವ್ವನನ್ನು ಬಿಟ್ಟಿರಲಾರದೆ ಪಕ್ಕಕ್ಕೇ ಅಂಟಿ ಕೂತಿದ್ದಳಲ್ಲ, ಅಲ್ಲಿಂದ ಇದು ಕಾಣುವಂತೆಯೇ ಇರಲಿಲ್ಲ.

“ಅವ್ವಾ, ಸಾವಕಾಶ ಮಾಡ.”

ಸುಗಂಧಾ ತಲೆ ಎತ್ತಿದಳು. ಮಗಳು ಇನ್ನೊಂದು ಸೂಜಿ ಎತ್ತಿಕೊಂಡು, ಗುಲಾಬಿ ದಾರದ ತುಂಡಿನಲ್ಲಿ ಸಾಖಳಿ ಹಾಕುತ್ತಿದ್ದಳು. ಎಡಗೈಯಲ್ಲಿ. ಈ ಸಲ ಸುಗಂಧಾ ತುಟಿ ಎರಡು ಮಾಡಲಿಲ್ಲ. ಸಾವಕಾಶ ಮಾಡಿದಳು. ದಾರ ಸುತ್ತುವುದು, ಕೊಕ್ಕೆ ತೂರಿಸುವುದು, ಎಳೆಯುವುದು, ಎರಡೆರಡು ಕುಣಿಕೆಯಾಗಿ ದಾಟಿಸುವುದು. ಎದುರಿಗೆ ಮಗಳ ಕೈಯಲ್ಲಿ ಒಂದು ಖಾಂಬ ಎದ್ದಿತು, ಬಿತ್ತು, ಮತ್ತೊಂದು ಎದ್ದಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಕಾರ್ಡು ಹಂಚಲು ಹೊರಟ ಜ್ಞಾನದೇವ ಇಬ್ಬರನ್ನೂ ನೋಡಿ, ಚಹಾ ಕೇಳದೆ ಹೊರಗೆ ನಡೆದ. ಆ ಮನುಷ್ಯ ಚಹಾ ಬಿಟ್ಟಿದ್ದೆಂದರೆ ಸಣ್ಣ ಮಾತಲ್ಲ.

ಬೂದುಬಿಳುಪಿನ ಸಾಲು ಎಡಗಡೆಯ ಅಂಚಿಗೆ ಬಂದು ಮುಗಿಯಿತು. ಬಲಗೈಯವರ ಹೆಣಿಕೆ ಬಲದಿಂದ ಎಡಕ್ಕೆ ಹೋಗುತ್ತದೆ. ಅಂಚು ಮುಟ್ಟಿದ ಮೇಲೆ ಬಟ್ಟೆಯನ್ನು ತಿರುವಿ ಹಾಕದೆ ಮುಂದಿನ ಸಾಲಿಲ್ಲ. ಸುಗಂಧಾ ರೂಢಿಯಂತೆ ತಿರುವಲು ಹೋದಳು.

“ತಿರವಬ್ಯಾಡ,” ಎಂದಳು ಮಯೂರಿ. ಎದ್ದು ಬಂದು ಅವ್ವನ ಎಡಗಡೆಗೆ ಕೂತಳು. “ನಂದು ಇಲ್ಲಿಂದನ ಶುರು ಅಲ್ಲೇನ?”

ಹೌದಲ್ಲ ಎನಿಸಿತು ಸುಗಂಧಾಳಿಗೆ. ಇಷ್ಟು ವರ್ಷ ಸೂಜಿ ಹಿಡಿದರೂ ಇದು ಅವಳಿಗೆ ಹೊಳೆದಿರಲಿಲ್ಲ. ಎಡಗೈಯವರ ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ. ತಾನು ನಿಲ್ಲಿಸಿದ ಜಾಗದಲ್ಲೇ ಮಗಳು ಶುರು ಮಾಡಬಹುದು, ತಿರುವುವ ಅಗತ್ಯವೇ ಇಲ್ಲ.

“ಯಾವ ಬಣ್ಣ?” ಎಂದು ಮೆಲ್ಲಗೆ ಕೇಳಿದಳು.

“ನೀಲಿ. ಕೊಕಟನೂರಾಗೂ ಜಯಂತಿ ಬರತೈತಿ.”

ಮಯೂರಿ ನೀಲಿ ದಾರ ಕಟ್ಟಿ ಹೆಣೆಯುತ್ತಾ ಹೋದಳು. ಒಂದು ಖಾಂಬ ಗಿಡ್ಡ, ಒಂದು ಉದ್ದ. ನಡುವೆ ಒಂದು ಕಡೆ ದಾರ ಸೀಳಿತು. ಸುಗಂಧಾ ತನ್ನ ಎರಡೂ ಕೈಗಳನ್ನು ಮೊಣಕಾಲ ನಡುವೆ ಒತ್ತಿಕೊಂಡು ಕೂತಿದ್ದಳು, ಎಲ್ಲಿ ತಾವಾಗಿ ಹೋಗಿ ಸರಿ ಮಾಡಿಬಿಡುತ್ತವೋ ಎಂದು. ಸಾಲು ಬಲಗಡೆಯ ಅಂಚಿಗೆ ಬಂತು. ಮಯೂರಿ ಗಲೀಪನ್ನು ಅವ್ವನ ತೊಡೆಯ ಮೇಲಿಟ್ಟಳು.

“ಈಗ ನಿಂದು.”

“ಇದು ಹುಡುಗಿ ಪಟ್ಟಿ. ಇದರಾಗ ನಾ ಕೈ ಹಾಕಂಗಿಲ್ಲ. ಅದು ನೀ ಬಾಳೂ ಹಂಗಾಮು.”

“ನಾ ಹೋದಲ್ಲಿ ನೀ ಬರಬಾರದೇನಬೇ ಅವ್ವಾ?”

ಸುಗಂಧಾ ಸೂಜಿ ಎತ್ತಿಕೊಂಡಳು. ಕೈಗೆ ದಾರಿ ಗೊತ್ತಿತ್ತು, ಕಣ್ಣಿಗೆ ಮಾತ್ರ ಕಾಣಲಿಲ್ಲ. ನೀಲಿಯೆಲ್ಲ ಕಲಸಿಕೊಂಡು ನೀರಾಗಿತ್ತು. ಹಾಗೇ ಹೆಣೆದಳು. ಅಂಚಿಗೆ ಬಂದು ಕಣ್ಣು ಒರೆಸಿಕೊಂಡು ನೋಡಿದರೆ ಸಾಲಿನ ನಡುವೆ ಒಂದು ಖಾಂಬ ತಪ್ಪಿಹೋಗಿ ತೂತು ಬಿದ್ದಿತ್ತು. ಬೇಕಂತಲೇ ಮಾಡಿದಾಗ ಬಾರದ ಸೊಟ್ಟ ಈಗ ತಾನಾಗಿ ಬಂದಿತ್ತು. ಬಿಚ್ಚಲು ಹೋದವಳ ಕೈಯನ್ನು ಮಯೂರಿ ಹಿಡಿದುಕೊಂಡಳು.

“ಇರಲಿ ಬಿಡ. ಇದು ಖರೇದು.”

ಆಮೇಲೆ ಒಂದು ಸಾಲು ಅವಳದು, ಒಂದು ಸಾಲು ಇವಳದು. ಗಲೀಪು ಒಮ್ಮೆಯೂ ತಿರುಗಲಿಲ್ಲ, ಸೂಜಿಯ ಸಮೇತ ಇಬ್ಬರ ನಡುವೆ ಹೋಗಿ ಬಂದು ಮಾಡಿತು. ಕಡೆಗೆ ಅಂಚು ಕೂಡಿಸಿ ಹೊಲಿದಾಗ ಮೊದಲ ನೀಲಿಯೂ ಕಡೆಯ ನೀಲಿಯೂ ಮಗ್ಗುಲು ಮಗ್ಗುಲಿಗೆ ಬಂದವು.

ಮದುವೆಯ ದಿನ ಬುದ್ಧ ವಂದನೆ ಮುಗಿದು, ಹಾರ ಬದಲಾಗಿ, ಜನ ಊಟಕ್ಕೆ ಎದ್ದಾಗ ಸಮಾಧಾನನ ತಾಯಿ ತಾರವ್ವ ರುಖವತದ ಹತ್ತಿರ ಬಂದಳು. ಹಸನ್ಮುಖಿ ಹೆಂಗಸು. ಗಲೀಪನ್ನು ಎತ್ತಿ ಹಿಂದೆ ಮುಂದೆ ಮಾಡಿದಳು.

“ಕರೋಶಿ ಗಲೀಪಿನಾಗ ಹುಡುಗಿದೊಂದ ಸೊಟ್ಟ ಪಟ್ಟಿ ಇರತೈತಿ ಅಂತ ಕೇಳೇನ್ರಿ ಬೀಗರ. ಇದರಾಗ ಯಾವುದ?”

“ಈ ನೀಲಿದ್ರಿ. ಒಂದ ಸಾಲ ಆಕಿದು, ಒಂದ ನಂದು.”

ತಾರವ್ವನ ಬೆರಳು ಹುಡುಕುತ್ತಾ ಹೋಗಿ ತೂತಿನ ಮೇಲೆ ನಿಂತಿತು. ಅವಳು ನಕ್ಕಳು. “ಇಲ್ಲೆ ಐತಿ ನೋಡ್ರಿ. ಇದ ಹುಡುಗಿ ಸೊಟ್ಟ.”

“ಅಲ್ರಿ,” ಎಂದಳು ಸುಗಂಧಾ, ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ. “ಅದು ನಂದ್ರಿ.”

ಮದುವೆಯ ಗದ್ದಲ ಇಳಿದು, ಮಿರಗದ ಮೊದಲ ಮಳೆ ಬಿದ್ದ ಮೇಲೆ ಸುಗಂಧಾ ಮತ್ತೆ ಕಾಟಿನ ಮೇಲೆ ಕೂತಳು. ಬೇರೊಂದು ಮನೆಯ ಹುಡುಗಿಯ ಗಲೀಪು, ಮೊದಲ ಪಟ್ಟಿ, ನೀಲಿ. ಹೊರಗೆ ಜ್ಞಾನದೇವ ಯಾರಿಗೋ ಕೊಕಟನೂರಿಗೆ ಹೋಗುವ ಬಸ್ಸುಗಳ ಹೊತ್ತು ಒಪ್ಪಿಸುತ್ತಿದ್ದ. ಈಚೆಗೆ ಅವನಿಗೆ ಅದೇ ಮಾತು. ಸುಗಂಧಾಳ ಕೈ ಸರಾಗ ಓಡಿತು, ಸಾಲು ಎಡಗಡೆಯ ಅಂಚಿಗೆ ಬಂದು ಮುಗಿಯಿತು. ಅವಳು ಸೂಜಿಯನ್ನು, ಗಲೀಪನ್ನು ಎಡಕ್ಕೆ ಚಾಚಿ ಹಿಡಿದಳು.

ಅಲ್ಲಿ ದಾರದ ಉಂಡೆಗಳಷ್ಟೇ ಇದ್ದವು. ಸುಗಂಧಾ ಸ್ವಲ್ಪ ಹೊತ್ತು ಕೈಯನ್ನು ಹಾಗೇ ಬಿಟ್ಟಳು. ಆಮೇಲೆ ಬಟ್ಟೆಯನ್ನು ತಿರುವಿ, ಮುಂದಿನ ಸಾಲನ್ನು ತಾನೇ ಹಿಡಿದಳು.